ಮಂಕು ಕವಿದಾಗ ಆಗುವ ತಪ್ಪು: ಯೆಹೂದಿ ಬೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯೆಹೂದಿ ಧರ್ಮ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹತ್ತು ಆಜ್ಞೆಗಳು, ಕೋಪಿಷ್ಠ ದೇವರು, ಮುಗಿಯದ ಕಟ್ಟಳೆಗಳು. ಆದರೆ ಅಲ್ಲಿನ ಹಳೆಯ ಗುರುಗಳು ತಪ್ಪಿನ ಬಗ್ಗೆ ಮಾತಾಡುವಾಗ ಬೆದರಿಸುವುದಕ್ಕಿಂತ ಜಾಸ್ತಿ ಲೆಕ್ಕ ಕೇಳುತ್ತಾರೆ. ಇದರಿಂದ ನಿನಗೆ ಗಿಟ್ಟಿದ್ದೇನು ಮಾರಾಯ, ಕಳೆದುಕೊಂಡದ್ದೆಷ್ಟು? ಈ ವಿಷಯದಲ್ಲಿ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲಕ್ಕೂ ಒಂದೇ ಉದ್ದದ ಉತ್ತರ ಇಲ್ಲ. ಕೆಲವಕ್ಕೆ ಎರಡು ಮಾತು ಸಾಕು.

ತಪ್ಪು ಮಾಡುವುದನ್ನು ಪೆದ್ದುತನ ಅನ್ನುವುದು ಯಾಕೆ? ಅದು ಕೆಟ್ಟತನ ಅಲ್ವಾ?

ಕೆಟ್ಟತನವೂ ಹೌದು. ಆದರೆ ಅದು ಶುರುವಾಗುವುದು ಬುದ್ಧಿ ಕೈಕೊಟ್ಟಾಗ ಎಂಬುದು ಈ ಗುರುಗಳ ಮಾತು. ಹಳೆಯ ಗುರುಗಳ ಕಾನೂನು ಚರ್ಚೆ, ಕತೆಗಳನ್ನು ಕೂಡಿಸಿದ ದೊಡ್ಡ ಗ್ರಂಥ ತಾಲ್ಮುಡ್. ಅದರ ಸೋಟಾ ಎಂಬ ಭಾಗದಲ್ಲಿ ಒಂದು ಹೇಳಿಕೆ ಇದೆ: ಒಳಗೆ ಮಂಕು ಹೊಕ್ಕ ಹೊರತು ಯಾರೂ ಪಾಪ ಮಾಡುವುದಿಲ್ಲ. ಹೇಳಿದವರು ರೇಷ್ ಲಾಕಿಷ್, 3ನೇ ಶತಮಾನದ ಗುರು.

ಕಳ್ಳನಿಗೆ ಕದಿಯಬಾರದು ಅಂತ ಗೊತ್ತಿರುತ್ತದೆ. ಸುಳ್ಳು ಹೇಳುವವನಿಗೆ ಅದು ಸುಳ್ಳು ಅಂತಲೂ ಗೊತ್ತಿರುತ್ತದೆ. ಗೊತ್ತಿಲ್ಲದೆ ಯಾರೂ ಹೋಗಿ ಬೀಳುವುದಿಲ್ಲ. ಆ ಒಂದು ಗಳಿಗೆಯಲ್ಲಿ ಗೊತ್ತಿರುವುದು ಗೊತ್ತಿಲ್ಲದ ಹಾಗಾಗುತ್ತದೆ, ಅಷ್ಟೇ. ನಾಳೆ ಸಿಕ್ಕಿಬೀಳುತ್ತೇನೆ, ಹೆಂಡತಿ ಮಕ್ಕಳಿಗೆ ಮುಖ ತೋರಿಸಲು ಆಗುವುದಿಲ್ಲ ಎಂಬ ಯೋಚನೆಯೆಲ್ಲ ಆಗ ಎಲ್ಲೋ ಹಿಂದೆ ಸರಿದುಬಿಡುತ್ತದೆ.

ಇದಕ್ಕಿಂತ ಹಳೆಯ ಚಿತ್ರ ಬೈಬಲ್ಲಿನಲ್ಲೇ ಇದೆ. ಕನ್ನಡ ಬೈಬಲ್ಲಿನಲ್ಲಿ ಜ್ಞಾನೋಕ್ತಿಗಳು ಅನ್ನುವ ಪುಸ್ತಕದ 9ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿ ಇಬ್ಬರು ಹೆಂಗಸರು. ಒಬ್ಬಳು ವಿವೇಕ, ಇನ್ನೊಬ್ಬಳು ಮೂಢತನ. ವಿವೇಕ ಏಳು ಕಂಬದ ಮನೆ ಕಟ್ಟಿಸಿ, ಅಡುಗೆ ಮಾಡಿಸಿ, ಊಟಕ್ಕೆ ಕರೆಯುತ್ತಾಳೆ. ಮೂಢತನ ಏನೂ ಮಾಡಿಲ್ಲ. ಸುಮ್ನೆ ಬಾಗಿಲಲ್ಲಿ ಕೂತು ಹೋಗಿಬರುವವರನ್ನು ಕೂಗುತ್ತಾಳೆ. ಮಜಾ ಏನೆಂದರೆ ಇಬ್ಬರೂ ಕರೆಯುವ ಮಾತು ಒಂದೇ: ತಿಳಿವಳಿಕೆ ಸಾಲದವನು ಇತ್ತ ಬರಲಿ. ದಾರಿಯಲ್ಲಿ ಹೋಗುವವನಿಗೆ ಕೇಳಿಸುವ ಕರೆಯಲ್ಲಿ ವ್ಯತ್ಯಾಸವೇ ಇಲ್ಲ. ಒಳಗೆ ಹೋದ ಮೇಲೆ ಬಡಿಸುವುದು ಬೇರೆ. ಎರಡನೆಯವಳು ಕೊಡುವುದು ಕದ್ದ ನೀರು. ಕದ್ದ ನೀರು ಸಿಹಿ ಅಂತ ಅವಳೇ ಹೇಳುತ್ತಾಳೆ. ಅವಳ ಮನೆಯ ಹಳೆಯ ಅತಿಥಿಗಳೆಲ್ಲ ಪಾತಾಳದಲ್ಲಿದ್ದಾರೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಈ ರೇಷ್ ಲಾಕಿಷ್ ಯಾರು? ತಪ್ಪಿನ ಬಗ್ಗೆ ಅವರಿಗೇನು ಗೊತ್ತು?

ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಗುರುವಾಗುವ ಮೊದಲು ಆತ ದರೋಡೆಕೋರ. ತಾಲ್ಮುಡ್ಡಿನ ಬಾವಾ ಮೆತ್ಸಿಯಾ ಭಾಗದಲ್ಲಿ ಆ ಕತೆ ಬರುತ್ತದೆ. ರಬ್ಬಿ (ಅಂದರೆ ಗುರು) ಯೋಹಾನಾನ್ ಎಂಬ ದೊಡ್ಡ ವಿದ್ವಾಂಸರು ಒಂದು ದಿನ ಯೊರ್ದಾನ್ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದರು. ಬಹಳ ಚೆಲುವ. ದಡದಿಂದ ನೋಡಿದ ರೇಷ್ ಲಾಕಿಷ್ ಒಂದೇ ನೆಗೆತಕ್ಕೆ ನೀರಿಗೆ ಹಾರಿ ಹತ್ತಿರ ಬಂದ. ಯೋಹಾನಾನ್ ಹೆದರಲಿಲ್ಲ. 'ಇಷ್ಟು ಶಕ್ತಿ ಇದೆ ನಿನಗೆ, ಇದನ್ನು ಧರ್ಮಗ್ರಂಥದ ಓದಿಗೆ ಹಾಕು' ಅಂದರು. ಅವನು 'ಇಷ್ಟು ಚೆಲುವಿದೆ ನಿನಗೆ, ಇದು ಹೆಂಗಸರಿಗೆ ಇರಬೇಕಿತ್ತು' ಅಂದ. 'ನೀನು ದಾರಿಗೆ ಬಂದರೆ ನನ್ನ ತಂಗಿಯನ್ನು ಕೊಡುತ್ತೇನೆ, ಅವಳು ನನಗಿಂತ ಚೆಲುವೆ' ಅಂದರು ಯೋಹಾನಾನ್. ಒಪ್ಪಿದ. ಹಿಂದಕ್ಕೆ ಹಾರಿ ಬಟ್ಟೆ ತಂದುಕೊಳ್ಳೋಣ ಅಂತ ನೋಡಿದರೆ ಅವನಿಗೆ ಹಾರಲು ಆಗಲಿಲ್ಲವಂತೆ. ಮನಸ್ಸು ಬದಲಾದ ಕೂಡಲೇ ಕಾಲಿನ ಹಳೆಯ ಕಸುವು ಹೋಗಿತ್ತು.

ಮುಂದೆ ಅವರಿಬ್ಬರೂ ಭಾವ-ಮೈದುನರು, ಜೊತೆಗೆ ಓದಿನ ಜೋಡಿ. ಆದರೆ ಕತೆಯ ಕೊನೆ ಸುಖವಾಗಿಲ್ಲ. ಒಂದು ದಿನ ಕತ್ತಿ, ಚೂರಿ, ಈಟಿ, ಕುಡುಗೋಲುಗಳ ಬಗ್ಗೆ ಚರ್ಚೆ ಬಂತು. ಇವು ಯಾವ ಹಂತದಲ್ಲಿ ಪೂರ್ತಿ ತಯಾರಾದ ಹಾಗೆ? ಕುಲುಮೆಯಲ್ಲಿ ಕಾಯಿಸಿದಾಗ ಅಂದರು ಯೋಹಾನಾನ್. ಇಲ್ಲ, ನೀರಿನಲ್ಲಿ ಅದ್ದಿ ಹದ ಮಾಡಿದಾಗ ಅಂದರು ರೇಷ್ ಲಾಕಿಷ್. ಯೋಹಾನಾನ್ ಬಾಯಿಂದ ಒಂದು ಮಾತು ಜಾರಿತು: 'ದರೋಡೆಕೋರನಿಗೆ ತನ್ನ ಕಸುಬು ಗೊತ್ತಿರುತ್ತದೆ ಬಿಡು.'

ಅದು ಎದೆಗೆ ನಾಟಿತು. ರೇಷ್ ಲಾಕಿಷ್ ಹಾಸಿಗೆ ಹಿಡಿದರು. ಹೆಂಡತಿ ಅಣ್ಣನ ಮುಂದೆ ಅತ್ತು ಬೇಡಿಕೊಂಡಳು. ಯೋಹಾನಾನ್ ಕರಗಲಿಲ್ಲ. ರೇಷ್ ಲಾಕಿಷ್ ತೀರಿಕೊಂಡ ಮೇಲೆ ಯೋಹಾನಾನರಿಗೆ ತಡೆಯಲಾಗದ ದುಃಖ. ಸಮಾಧಾನಕ್ಕೆ ಅಂತ ಬೇರೊಬ್ಬ ವಿದ್ವಾಂಸನನ್ನು ಜೊತೆಗೆ ಕೂರಿಸಿದರು. ಯೋಹಾನಾನ್ ಹೇಳಿದ್ದಕ್ಕೆಲ್ಲ ಆತ 'ಸರಿ, ಇದಕ್ಕೆ ಇಂಥ ಆಧಾರವೂ ಇದೆ' ಅನ್ನುತ್ತಿದ್ದ. ಯೋಹಾನಾನ್ ರೇಗಿದರು. 'ನಾನು ಒಂದು ಹೇಳಿದರೆ ಅವನು 24 ತಕರಾರು ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ. ನಾನು ಹೇಳಿದ್ದು ಸರಿ ಅಂತ ನನಗೇ ಗೊತ್ತಿಲ್ಲವೇ?' ಬಟ್ಟೆ ಹರಿದುಕೊಂಡು, ಲಾಕಿಷನ ಮಗನೇ (ಅಂದರೆ ರೇಷ್ ಲಾಕಿಷ್) ಎಲ್ಲಿದ್ದೀಯ ಎಂದು ಕೂಗುತ್ತಾ ಅಲೆದು, ಬುದ್ಧಿ ಕೆಟ್ಟು ಸತ್ತರು.

ಅದೇ ಬಾವಾ ಮೆತ್ಸಿಯಾ ಭಾಗದಲ್ಲಿ, ಈ ಕತೆಗೆ ಕೊಂಚ ಮುಂಚೆ, ಒಂದು ನಿಯಮ ಇದೆ: ದಾರಿಗೆ ಬಂದವನಿಗೆ 'ನಿನ್ನ ಹಳೆಯದನ್ನು ನೆನೆಸಿಕೋ' ಅನ್ನಬಾರದು. ನಿಯಮವೂ ಅಲ್ಲೇ, ಅದನ್ನು ಮುರಿದ ದೊಡ್ಡ ಗುರುವಿನ ಗತಿಯೂ ಅಲ್ಲೇ. ಮಂಕು ಕವಿಯುವುದು ದರೋಡೆಕೋರನಿಗೆ ಮಾತ್ರ ಅಲ್ಲ ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ ಅನ್ನಿಸುತ್ತದೆ ನನಗೆ.

ಬುದ್ಧಿ ಮಂಕಾಗಿ ಮಾಡಿದ್ದಾದರೆ ಶಿಕ್ಷೆ ಯಾಕೆ? ಅದು ಅವನ ತಪ್ಪು ಹೇಗಾಗುತ್ತದೆ?

ಈ ಪ್ರಶ್ನೆ ನ್ಯಾಯವಾದದ್ದೇ. ಯೆಹೂದಿ ಕಾನೂನು ನಿಜವಾಗಿ ಬುದ್ಧಿ ಸ್ವಾಧೀನದಲ್ಲಿ ಇಲ್ಲದವನನ್ನು ಬೇರೆಯಾಗಿಯೇ ನೋಡುತ್ತದೆ. ಅಂಥವನಿಗೆ ಯಾವ ಕಟ್ಟಳೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಅವನನ್ನು ಗುರುತಿಸುವುದು ಹೇಗೆ ಅಂತಲೂ ತಾಲ್ಮುಡ್ ಚರ್ಚಿಸುತ್ತದೆ: ರಾತ್ರಿ ಒಬ್ಬನೇ ಅಲೆಯುವವನು, ಸ್ಮಶಾನದಲ್ಲಿ ಮಲಗುವವನು, ತನ್ನ ಬಟ್ಟೆ ತಾನೇ ಹರಿದುಕೊಳ್ಳುವವನು.

ರೇಷ್ ಲಾಕಿಷ್ ಹೇಳುವ ಮಂಕು ಆ ಜಾತಿಯದಲ್ಲ. ಅದು ನಾವೇ ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡದ್ದು. ಅದಕ್ಕೇ ಜವಾಬ್ದಾರಿ ನಮ್ಮದು. ಬೈಬಲ್ಲಿನಲ್ಲಿ ಆದಾಮನ ಮಗ ಕಾಯಿನನ ಕತೆ ನೋಡಿ. ತಮ್ಮನನ್ನು ಕೊಲ್ಲುವ ಮೊದಲೇ ದೇವರು ಅವನಿಗೆ ಹೇಳಿರುತ್ತಾನೆ: ಪಾಪ ನಿನ್ನ ಬಾಗಿಲಲ್ಲಿ ಹೊಂಚಿ ಕೂತಿದೆ, ಅದಕ್ಕೆ ನೀನು ಬೇಕು, ಆದರೆ ನೀನು ಅದನ್ನು ಆಳಬಲ್ಲೆ. ಎಚ್ಚರಿಕೆ ಕೊಟ್ಟಾಗಿತ್ತು, ಆಗುತ್ತದೆ ಅಂತಲೂ ಹೇಳಿಯಾಗಿತ್ತು.

'ಯೆತ್ಸೆರ್ ಹರಾ' ಅಂದರೆ ಸೈತಾನನಾ?

ಹೊರಗಿನಿಂದ ಬರುವ ದೆವ್ವ ಅಂತ ತಿಳಿಯಬೇಡಿ. ಪ್ರತಿ ಮನುಷ್ಯನ ಒಳಗೂ ಎರಡು ಸೆಳೆತ ಇರುತ್ತವೆ, ಒಳ್ಳೆಯದರ ಕಡೆಗೆ ಒಂದು, ಕೆಟ್ಟದ್ದರ ಕಡೆಗೆ ಇನ್ನೊಂದು. ಆ ಎರಡನೆಯದೇ ಯೆತ್ಸೆರ್ ಹರಾ. ಕೆಟ್ಟ ಸೆಳೆತ ಒಳ್ಳೆಯದಕ್ಕಿಂತ 13 ವರ್ಷ ದೊಡ್ಡದು ಅನ್ನುತ್ತದೆ ಒಂದು ಹಳೆಯ ಬೋಧನೆ. ಹುಟ್ಟುವಾಗಲೇ ಅದು ಜೊತೆಗೆ ಬರುತ್ತದೆ, ಒಳ್ಳೆಯದು ಬರುವುದು ಹುಡುಗ 13 ತುಂಬಿದ ಮೇಲೆ. ಹುಡುಗರನ್ನು ಧರ್ಮದ ಹೊಣೆಗೆ ಸೇರಿಸಿಕೊಳ್ಳುವ ವಯಸ್ಸೂ 13. ಮನೆಯಲ್ಲಿ ಮಕ್ಕಳಿರುವವರು ಈ ಲೆಕ್ಕವನ್ನು ಬೇಗ ಒಪ್ಪುತ್ತಾರೆ.

ಹಾಗಾದರೆ ಅದನ್ನು ಕಿತ್ತುಹಾಕಿದರಾಯಿತಲ್ಲ? ಅದನ್ನೂ ಮಾಡಿ ನೋಡಿದ ಕತೆ ಒಂದಿದೆ, ತಾಲ್ಮುಡ್ಡಿನ ಯೋಮಾ ಭಾಗದಲ್ಲಿ. ಬಾಬಿಲೋನಿನ ಸೆರೆಯಿಂದ ಮರಳಿ ಬಂದ ಯೆಹೂದಿ ಜನ ಪ್ರಾರ್ಥನೆ ಮಾಡಿ ಕಾಮದ ಸೆಳೆತವನ್ನು ಹಿಡಿದು ಕೂಡಿಹಾಕಿದರಂತೆ. ಮೂರು ದಿನ ಇಟ್ಟುಕೊಂಡರು. ಅಷ್ಟರಲ್ಲಿ ಇಡೀ ದೇಶದಲ್ಲಿ ರೋಗಿಯೊಬ್ಬನಿಗೆ ಕೊಡಲು ಒಂದು ಹೊಸ ಮೊಟ್ಟೆ ಹುಡುಕಿದರೂ ಸಿಗಲಿಲ್ಲ. ಕೋಳಿಗಳೂ ಮೊಟ್ಟೆ ಇಡುವುದು ನಿಲ್ಲಿಸಿದ್ದವು! ಕೊಂದರೆ ಲೋಕವೇ ನಿಲ್ಲುತ್ತದೆ ಅಂತ ಅರ್ಥವಾಯಿತು. ಅದರ ಕಣ್ಣು ಕುರುಡು ಮಾಡಿ ಬಿಟ್ಟುಬಿಟ್ಟರು. ಇನ್ನೊಂದು ಕಡೆ ನೇರವಾಗಿಯೇ ಹೇಳಿದ್ದಾರೆ: ಈ ಸೆಳೆತ ಇಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ಆಸೆ ಬೇಕು, ಆದರೆ ಅದರ ಕೈಗೆ ಲಗಾಮು ಕೊಡಬಾರದು.

ಒಂದೇ ಒಂದು ಸಲ ಮಾಡಿದರೆ ಏನಾಗುತ್ತದೆ?

ಒಂದು ಸಲಕ್ಕಿಂತ ಎರಡನೇ ಸಲದ ಬಗ್ಗೆ ಈ ಗುರುಗಳಿಗೆ ಭಯ ಜಾಸ್ತಿ. ರವ್ ಹೂನಾ ಅನ್ನುವವರ ಮಾತು: ಒಂದು ತಪ್ಪನ್ನು ಮಾಡಿ, ಮತ್ತೆ ಮಾಡಿದರೆ ಅದು ಅವನಿಗೆ ಸರಿಯಾಗಿಬಿಡುತ್ತದೆ. ಸರಿ ಹೇಗಾಗುತ್ತದೆ ಅಂತ ತಾಲ್ಮುಡ್ ತಾನೇ ಅಡ್ಡಬಾಯಿ ಹಾಕಿ, ಸರಿ ಇದ್ದ ಹಾಗೆ ಕಾಣತೊಡಗುತ್ತದೆ ಅಂತ ತಿದ್ದುತ್ತದೆ. ಸುಳ್ಳು ಬಿಲ್ ಹಾಕಿ ಆಫೀಸಿನಿಂದ ದುಡ್ಡು ತೆಗೆದವರನ್ನು ನೋಡಿದ್ದೀರಲ್ಲ? ಮೊದಲ ಬಾರಿ ಕೈ ನಡುಗುತ್ತದೆ. ಮೂರನೇ ಬಾರಿಗೆ 'ಎಲ್ಲರೂ ಮಾಡುತ್ತಾರೆ' ಎಂಬ ಸಮಜಾಯಿಷಿ ತಯಾರಿರುತ್ತದೆ.

ರಾವಾ ಅನ್ನುವ ಗುರು ಇದನ್ನೇ ಬೇರೆ ರೀತಿ ಹೇಳಿದರು. ಕೆಟ್ಟ ಸೆಳೆತ ಮೊದಲು ದಾರಿಹೋಕನ ಹಾಗೆ ಬರುತ್ತದೆ, ಆಮೇಲೆ ಅತಿಥಿ, ಕೊನೆಗೆ ಮನೆಯ ಯಜಮಾನ. ಒಳ್ಳೆಯದಕ್ಕೂ ಇದೇ ಚಾಳಿ ಇದೆ ಅನ್ನುವುದು ಸಮಾಧಾನ. ಒಂದು ಒಳ್ಳೆಯ ಕೆಲಸ ಇನ್ನೊಂದನ್ನು ಎಳೆದು ತರುತ್ತದೆ, ಒಂದು ಕೆಟ್ಟ ಕೆಲಸವೂ ಹಾಗೆಯೇ ಅಂತ ಬೆನ್ ಅಜ್ಜಾಯ್ ಹೇಳಿದ್ದಾರೆ.

ಯಾರೂ ನೋಡದೆ ಇದ್ದರೆ?

ಇಲ್ಲಿಯೇ ಪೆದ್ದುತನ ಚೆನ್ನಾಗಿ ಕಾಣುವುದು. ಟೋರಾದ, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳ ಕಾನೂನಿನಲ್ಲಿ ರಾತ್ರಿ ಗುಟ್ಟಾಗಿ ಕದ್ದ ಕಳ್ಳ ಸಿಕ್ಕಿಬಿದ್ದರೆ ಎರಡರಷ್ಟು ಕೊಡಬೇಕು. ಹಾಡುಹಗಲು ಎದುರು ನಿಂತು ಕಿತ್ತುಕೊಂಡ ದರೋಡೆಕೋರ ಕಿತ್ತಷ್ಟು ಮರಳಿಸಿದರೆ ಸಾಕು. ಇದೆಂಥ ನ್ಯಾಯ? ಶಿಷ್ಯರು ರಬ್ಬಾನ್ ಯೋಹಾನಾನ್ ಬೆನ್ ಜಕ್ಕಾಯ್ ಅವರನ್ನು ಕೇಳಿದರು. (ಇವರು ಬೇರೆ ಯೋಹಾನಾನ್, 1ನೇ ಶತಮಾನದವರು.) ಅವರ ಉತ್ತರ: ದರೋಡೆಕೋರ ದೇವರಿಗೂ ಹೆದರಲಿಲ್ಲ, ಜನಕ್ಕೂ ಹೆದರಲಿಲ್ಲ, ಇಬ್ಬರನ್ನೂ ಒಂದೇ ಮಟ್ಟದಲ್ಲಿ ಇಟ್ಟ. ಕಳ್ಳ ಜನಕ್ಕೆ ಹೆದರಿದ, ದೇವರ ಕಣ್ಣಿಗೆ ಹೆದರಲಿಲ್ಲ.

ಅವರೇ ಸಾಯುವ ಕಾಲಕ್ಕೆ ಶಿಷ್ಯರಿಗೆ ಕೊಟ್ಟ ಆಶೀರ್ವಾದ ಇನ್ನೂ ವಿಚಿತ್ರ. 'ನಿಮಗೆ ಮನುಷ್ಯರ ಮೇಲೆ ಇರುವಷ್ಟು ಭಯ ದೇವರ ಮೇಲೂ ಇರಲಿ.' ಶಿಷ್ಯರಿಗೆ ನಿರಾಸೆ. ಇಷ್ಟೇನಾ? 'ಅಷ್ಟಿದ್ದರೆ ಸಾಕಪ್ಪಾ,' ಅಂದರು, 'ತಪ್ಪು ಮಾಡುವವನು ಯಾರೂ ನನ್ನನ್ನು ನೋಡದಿರಲಿ ಅಂತ ತಾನೇ ಅಂದುಕೊಳ್ಳುವುದು?'

ಆಸೆ ಜೋರಾಗಿ ಎಳೆಯುವ ಗಳಿಗೆಯಲ್ಲಿ ಮಾಡಬೇಕಾದದ್ದೇನು?

ಮತ್ತೆ ರೇಷ್ ಲಾಕಿಷ್. ಅವರ ಸಲಹೆಗೆ ನಾಲ್ಕು ಮೆಟ್ಟಿಲು. ಮೊದಲು ಒಳ್ಳೆಯ ಸೆಳೆತವನ್ನು ಕೆಟ್ಟದ್ದರ ಮೇಲೆ ಛೂ ಬಿಡು. ಗೆದ್ದರೆ ಸರಿ. ಇಲ್ಲವಾದರೆ ಕೂತು ಓದು. ಆಗಲೂ ಆಗದಿದ್ದರೆ 'ಶೆಮಾ' ಪ್ರಾರ್ಥನೆ ಹೇಳು. ಅದೂ ಸಾಲದಿದ್ದರೆ ಸಾಯುವ ದಿನವನ್ನು ನೆನೆಸಿಕೋ. ಸಾವಿನ ನೆನಪನ್ನು ಕಟ್ಟಕಡೆಗೆ ಇಟ್ಟಿದ್ದಾರೆ ಅನ್ನುವುದನ್ನು ಗಮನಿಸಿ. ಎಳ್ಳಷ್ಟು ಆಸೆಗೂ ಸಾವನ್ನು ತೋರಿಸಿ ಹೆದರಿಸುವ ಬೋಧಕರಿಗೆ ಈ ಕ್ರಮ ಇಷ್ಟವಾಗಲಿಕ್ಕಿಲ್ಲ.

ತಾಲ್ಮುಡ್ಡಿಗೆ ಬುನಾದಿಯಾದ ಕಾನೂನು ಸಂಗ್ರಹ ಮಿಷ್ನಾವನ್ನು ಒಟ್ಟುಗೂಡಿಸಿದ ರಬ್ಬಿ ಯೆಹೂದಾ ಹನಾಸಿ ಕೊಟ್ಟದ್ದು ವ್ಯಾಪಾರಿಯ ಭಾಷೆ: ಒಳ್ಳೆಯ ಕೆಲಸದಿಂದ ಆಗುವ ನಷ್ಟವನ್ನು ಅದರ ಲಾಭದ ಎದುರು ಇಟ್ಟು ನೋಡು, ತಪ್ಪಿನಿಂದ ಆಗುವ ಲಾಭವನ್ನು ಅದರ ನಷ್ಟದ ಎದುರು ಇಟ್ಟು ನೋಡು. ತಪ್ಪಿನಲ್ಲೂ ಲಾಭ ಇದೆ ಅಂತ ಒಪ್ಪಿಕೊಂಡಿರುವುದು ನನಗೆ ಹಿಡಿಸಿತು. ಲಾಭವೇ ಇಲ್ಲ ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆದರೆ ಲೆಕ್ಕ ಹಾಕಲು ಪುರುಸೊತ್ತು ಬೇಕಲ್ಲ? ಇಟಲಿಯ ಪಾದುವಾದಲ್ಲಿ 1707ರಲ್ಲಿ ಹುಟ್ಟಿದ ಮೋಶೆ ಹಾಯಿಮ್ ಲುತ್ಸಾತ್ತೋ 1740ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚು ಮಾಡಿಸಿದ ನೀತಿಗ್ರಂಥದಲ್ಲಿ ಇದನ್ನೇ ಹಿಡಿದಿದ್ದಾರೆ. ಇಸ್ರೇಲಿನ ಜನ ಬಿಡುಗಡೆಯ ಮಾತಾಡಿದಾಗ ಈಜಿಪ್ಟಿನ ಫರೋಹ ಏನು ಮಾಡಿದ? ಕೆಲಸ ಹೆಚ್ಚಿಸಿದ. ಯೋಚಿಸಲು ಬಿಡುವೇ ಇರಬಾರದು ಅಂತ. ಕೆಟ್ಟ ಸೆಳೆತದ ತಂತ್ರವೂ ಇದೇ ಅನ್ನುತ್ತಾರೆ ಲುತ್ಸಾತ್ತೋ. ಮನುಷ್ಯನನ್ನು ಕೆಡಿಸಲು ಅದು ಕಷ್ಟಪಡುವುದಿಲ್ಲ, ಬಿಡುವಿಲ್ಲದ ಹಾಗೆ ಮಾಡಿಬಿಡುತ್ತದೆ. ಮೊಬೈಲು ಬರುವುದಕ್ಕೆ ಎಷ್ಟೋ ಮುಂಚೆ ಬರೆದ ಮಾತಿದು.

ಎಲ್ಲ ದೇವರಿಗೆ ಮೊದಲೇ ಗೊತ್ತಿದ್ದರೆ ನಮ್ಮ ಆಯ್ಕೆ ಎಲ್ಲಿ ಬಂತು?

12ನೇ ಶತಮಾನದ ಮೈಮೊನಿಡಿಸ್ ಸ್ಪೇನಿನ ಕೊರ್ದೋಬಾದಲ್ಲಿ ಹುಟ್ಟಿ, 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡವರು. ವೈದ್ಯರು, ಕಾನೂನು ಪಂಡಿತರು. ಪ್ರತಿಯೊಬ್ಬನೂ ಪ್ರವಾದಿ ಮೋಶೆಯಷ್ಟು ಒಳ್ಳೆಯವನಾಗಬಹುದು ಅಥವಾ ದುಷ್ಟ ರಾಜ ಯಾರೊಬ್ಬಾಮನಷ್ಟು ಕೆಟ್ಟವನಾಗಬಹುದು, ಯಾವ ವಿಧಿಯೂ ಎಳೆಯುವುದಿಲ್ಲ ಅಂತ ಅವರು ಖಂಡಿತವಾಗಿ ಬರೆದರು. ಹುಟ್ಟುವಾಗಲೇ ಹಣೆಬರಹ ಬರೆದಿರುತ್ತದೆ ಎಂಬ ನಂಬಿಕೆಯನ್ನು ತಿಳಿಗೇಡಿಗಳ ಮಾತು ಅಂದರು. ಮತ್ತೆ ಈ ಪ್ರಶ್ನೆಯನ್ನು ತಾವೇ ಎತ್ತಿ, ದೇವರ ಅರಿವು ನಮ್ಮ ಅರಿವಿನ ಥರದ್ದಲ್ಲ, ಅದನ್ನು ಗ್ರಹಿಸಲು ನಮಗಾಗದು, ಆದರೆ ನಮ್ಮ ಕೆಲಸ ನಮ್ಮ ಕೈಯಲ್ಲೇ ಇದೆ ಅಂತ ಮುಗಿಸಿದರು. ಅದೇ ಕಾಲದ ಪಂಡಿತ ರಾವದ್ ಪಕ್ಕದಲ್ಲೇ ಟಿಪ್ಪಣಿ ಬರೆದರು: ಮುಗಿಸಲಾಗದ್ದನ್ನು ಶುರು ಮಾಡುವುದು ಜಾಣರ ಲಕ್ಷಣವಲ್ಲ. ಇಂದಿಗೂ ಎರಡನ್ನೂ ಒಟ್ಟಿಗೆ ಅಚ್ಚು ಹಾಕುತ್ತಾರೆ.

ಇದು ನಮ್ಮ ಕರ್ಮ ಸಿದ್ಧಾಂತದ ಹಾಗೆಯೇ? ಕ್ರೈಸ್ತರ ಮೂಲಪಾಪದ ಹಾಗೆಯೇ?

ಎರಡೂ ಅಲ್ಲ. ಆದಾಮನ ಪಾಪ ಮೈಗಂಟಿಕೊಂಡೇ ಮಗು ಹುಟ್ಟುತ್ತದೆ ಎಂಬುದನ್ನು ಯೆಹೂದಿಗಳು ಒಪ್ಪುವುದಿಲ್ಲ. ಸೆಳೆತ ಹುಟ್ಟಿನಿಂದ ಬರುತ್ತದೆ, ಪಾಪ ಬರುವುದಿಲ್ಲ. ಪುನರ್ಜನ್ಮದ ಮಾತು ಕಬ್ಬಾಲಾ ಎಂಬ ಅನುಭಾವಿ ಧಾರೆಯಲ್ಲಿ ಇದೆ ನಿಜ. ಆದರೆ ಇಲ್ಲಿ ಚರ್ಚಿಸುವ ಬೋಧನೆಗೆ ಅದರ ಅಗತ್ಯ ಇಲ್ಲ. ಇಂದು ಮಾಡಿದ್ದನ್ನು ಇಂದೇ ತಿದ್ದಬಹುದು.

ನೀತಿಯ ದಾರಿ ಅಂದರೆ ದಿನದ ಬದುಕಿನಲ್ಲಿ ಏನು?

ಮೊದಲು ತಕ್ಕಡಿ. ಸತ್ತ ಮೇಲೆ ದೇವರ ಮುಂದೆ ಕೇಳುವ ಮೊದಲ ಪ್ರಶ್ನೆ ಎಷ್ಟು ಪ್ರಾರ್ಥನೆ ಮಾಡಿದೆ ಎಂಬುದಲ್ಲ, ವ್ಯವಹಾರದಲ್ಲಿ ನಿಯತ್ತಾಗಿ ಇದ್ದೆಯಾ ಎಂಬುದು. ರಾವಾ ಹೇಳಿದ್ದು.

ಮಿಷ್ನಾದಲ್ಲಿ ಅಂಗಡಿಯವನಿಗೆ ಇರುವ ನಿಯಮ ಓದಿ. ಅಳತೆಯ ಪಾತ್ರೆಗಳನ್ನು ವಾರಕ್ಕೆ ಎರಡು ಸಲ ಶುಚಿ ಮಾಡಬೇಕು. ತೂಕದ ಕಲ್ಲುಗಳನ್ನು ವಾರಕ್ಕೊಮ್ಮೆ ಒರೆಸಬೇಕು. ತಕ್ಕಡಿಯ ತಟ್ಟೆಯನ್ನು ಪ್ರತಿ ತೂಕದ ನಂತರವೂ ಒರೆಸಬೇಕು. ಎಣ್ಣೆ, ಜೇನು ಪಾತ್ರೆಯ ತಳದಲ್ಲಿ ಅಂಟಿ ಒಣಗಿದರೆ ಮುಂದಿನ ಗಿರಾಕಿಗೆ ಅಷ್ಟು ಕಡಿಮೆ ಬೀಳುತ್ತದೆ. ಬೇಕಂತ ಮಾಡಿದ ಮೋಸ ಅಲ್ಲ, ಆದರೂ ನಷ್ಟ ನಷ್ಟವೇ. ಬೆನ್ ಜಕ್ಕಾಯ್ ಅವರಿಗೆ ತೂಕದ ಮೋಸಗಳನ್ನು ಪಾಠ ಮಾಡುವಾಗ ಪೇಚಾಟ ಆಯಿತಂತೆ. ಹೇಳಿದರೆ ಮೋಸಗಾರರು ಕಲಿತಾರು. ಹೇಳದಿದ್ದರೆ ಈ ಪಂಡಿತರಿಗೆ ನಮ್ಮ ಕೈಚಳಕ ಏನು ಗೊತ್ತು ಅಂದಾರು! ಕೊನೆಗೆ ಹೇಳಿಯೇಬಿಟ್ಟರು.

ಇನ್ನೊಂದು ಕತೆ ಶಿಮೋನ್ ಬೆನ್ ಶೆತಾಖ್ ಅವರದ್ದು. ಶಿಷ್ಯರು ಗುರುಗಳಿಗೆ ಅಂತ ಒಬ್ಬ ಅರಬನಿಂದ ಕತ್ತೆ ಕೊಂಡುಕೊಂಡರು. ನೋಡಿದರೆ ಅದರ ಮೈಗೆ ಕಟ್ಟಿದ್ದ ಮುತ್ತೊಂದು ಸಿಕ್ಕಿತು. ಇನ್ನು ನೀವು ದುಡಿಯಬೇಕಾಗಿಲ್ಲ ಅಂತ ಕುಣಿದಾಡಿದರು. 'ಮಾರಿದವನಿಗೆ ಇದು ಗೊತ್ತಿತ್ತಾ?' ಅಂದರು ಗುರುಗಳು. ಇಲ್ಲ. 'ಹಾಗಾದರೆ ವಾಪಸ್ ಕೊಡಿ.' ಅರಬ ಮುತ್ತನ್ನು ಕೈಗೆ ತೆಗೆದುಕೊಂಡು ಶಿಮೋನನ ದೇವರನ್ನು ಹೊಗಳಿದ. ಮುತ್ತಿಗಿಂತ ಈ ಮಾತೇ ತನಗೆ ಬೇಕಾಗಿದ್ದದ್ದು ಅಂದರು ಶಿಮೋನ್.

ತಪ್ಪು ಮಾಡಿ ಆಯಿತು. ಈಗ ಏನು?

ತೆಶುವಾ, ಅಂದರೆ ತಿರುಗಿ ಬರುವುದು. ಮೈಮೊನಿಡಿಸ್ ಪ್ರಕಾರ ತಪ್ಪನ್ನು ಬಿಡಬೇಕು, ಮರುಗಬೇಕು, ಇನ್ನು ಮಾಡುವುದಿಲ್ಲ ಅಂತ ನಿಶ್ಚಯಿಸಬೇಕು, ಬಾಯಿಬಿಟ್ಟು ಹೇಳಬೇಕು. ಪೂರ್ತಿಯಾದ ತೆಶುವಾ ಯಾವುದು ಎಂಬುದಕ್ಕೆ ಅವರದ್ದು ಗಟ್ಟಿ ಪರೀಕ್ಷೆ. ಅದೇ ಸಂದರ್ಭ ಮತ್ತೆ ಎದುರಾಗಬೇಕು. ಅದೇ ಜಾಗ, ಅದೇ ಆಸೆ, ಮಾಡುವ ಶಕ್ತಿಯೂ ಹಾಗೆಯೇ ಇರಬೇಕು. ಆಗ ಬಿಟ್ಟರೆ ಅದು ಪೂರ್ತಿ. ಮುದುಕನಾಗಿ ಕೈಲಾಗದೆ ಬಿಟ್ಟರೂ ಸ್ವೀಕಾರ ಇದೆ, ಆದರೆ ಅದು ಉತ್ತಮ ದರ್ಜೆಯದಲ್ಲ.

ಹೀಗೆ ತಿರುಗಿ ಬಂದವರು ನಿಲ್ಲುವ ಜಾಗದಲ್ಲಿ ಎಂದೂ ತಪ್ಪು ಮಾಡದವರೂ ನಿಲ್ಲಲಾರರು ಅಂತ ರಬ್ಬಿ ಅಬ್ಬಾಹು ಹೇಳಿದರು. ರಬ್ಬಿ ಯೋಹಾನಾನ್ ಇದನ್ನು ಒಪ್ಪಲಿಲ್ಲ. ಹೌದು, ಅದೇ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದ ಯೋಹಾನಾನ್.

ಈಗ ತಪ್ಪು ಮಾಡಿ ಆಮೇಲೆ ಪಶ್ಚಾತ್ತಾಪ ಪಟ್ಟರಾಯಿತು ಅನ್ನುವವರಿಗೆ?

ಅಂಥವನಿಗೆ ಪಶ್ಚಾತ್ತಾಪದ ಅವಕಾಶವೇ ಸಿಗುವುದಿಲ್ಲ ಅಂತ ಮಿಷ್ನಾ ಒಂದೇ ಮಾತಿನಲ್ಲಿ ಮುಗಿಸಿದೆ.

ಕದ್ದದ್ದನ್ನು ವಾಪಸ್ ಕೊಡಲೇಬೇಕಾ?

ಕೊಡಬೇಕು. ಆದರೆ ಎಷ್ಟರ ಮಟ್ಟಿಗೆ ಎಂಬಲ್ಲಿ ಸ್ವಾರಸ್ಯ ಇದೆ. ಒಬ್ಬ ಮರದ ತೊಲೆ ಕದ್ದು ಅದನ್ನು ತನ್ನ ಮನೆಗೆ ಹಾಕಿ ಕಟ್ಟಿಬಿಟ್ಟಿದ್ದಾನೆ ಅಂದುಕೊಳ್ಳಿ. ಶಮ್ಮಾಯ್ ಪಂಥದವರು ಇಡೀ ಮನೆ ಕೆಡವಿ ಅದೇ ತೊಲೆಯನ್ನು ಕೊಡಬೇಕು ಅಂದರು. ಹಿಲ್ಲೇಲ್ ಪಂಥದವರು ತೊಲೆಯ ಬೆಲೆ ಕೊಟ್ಟರೆ ಸಾಕು ಅಂದರು. ಯಾಕೆ? ಮನೆ ಕೆಡವಬೇಕು ಅಂದರೆ ಯಾವ ಕಳ್ಳ ತಾನೇ ದಾರಿಗೆ ಬರುತ್ತಾನೆ? ನಿಯಮವಾಗಿ ನಿಂತದ್ದು ಎರಡನೆಯದು.

ಇನ್ನೊಂದು ಘಟನೆಯೂ ತಾಲ್ಮುಡ್ಡಿನಲ್ಲಿ ದಾಖಲಾಗಿದೆ. ಕಳ್ಳತನ ಬಿಡಬೇಕು ಅಂತ ಒಬ್ಬ ಮನಸ್ಸು ಮಾಡಿದ. ಅವನ ಹೆಂಡತಿ, 'ತಲೆ ಇಲ್ಲದವನೇ, ನೀನು ದಾರಿಗೆ ಬಂದರೆ ಸೊಂಟದ ಪಟ್ಟಿಯೂ ನಿನ್ನದಾಗಿ ಉಳಿಯುವುದಿಲ್ಲ' ಅಂದಳು. ಅವನು ಯೋಚಿಸಿ ಸುಮ್ಮನಾದ. ಅಂದಿನಿಂದ ಗುರುಗಳು ಹೇಳಿದರು: ಇಂಥವರು ಮರಳಿ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಹೊಟ್ಟೆಪಾಡೇ ಕಳ್ಳತನ ಆಗಿದ್ದವನಿಗೆ ಬಾಗಿಲು ಮುಚ್ಚಬಾರದು ಎಂಬ ಕಾಳಜಿ ಅದು. ಕಳೆದುಕೊಂಡವರಿಗೆ ಅನ್ಯಾಯ ಅಲ್ವಾ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಮುಂದಿನ ಪಂಡಿತರೂ ಇದನ್ನು ಎಲ್ಲ ಕಳ್ಳರಿಗೂ ಅನ್ವಯಿಸಲು ಒಪ್ಪಲಿಲ್ಲ.

ಯೋಮ್ ಕಿಪ್ಪುರ್ ದಿನ ಉಪವಾಸ ಮಾಡಿದರೆ ಎಲ್ಲ ಪಾಪ ಹೋಗುತ್ತದಾ?

ಯೋಮ್ ಕಿಪ್ಪುರ್ ಅಂದರೆ ಯೆಹೂದಿಗಳ ಪ್ರಾಯಶ್ಚಿತ್ತದ ದಿನ. ಆದರೆ ಪಾಪ ಹೋಗುವುದು ದೇವರಿಗೆ ಮಾಡಿದ ತಪ್ಪಿಗೆ ಮಾತ್ರ, ಅದೂ ತೆಶುವಾ ಜೊತೆಗಿದ್ದರೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪು ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ ಹೋಗುವುದಿಲ್ಲ. ಅದಕ್ಕೇ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಜನ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುತ್ತಾರೆ.

ಅವರು ಕ್ಷಮಿಸದಿದ್ದರೆ? ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಬೇಕು. ಮೂರು ಸಲ ಹೀಗೆ. ಆಮೇಲೂ ಒಪ್ಪದಿದ್ದರೆ ಬಿಟ್ಟುಬಿಡಿ, ಈಗ ತಪ್ಪು ಅವರ ಮೇಲೆ. ನೊಂದವನು ಗುರುವಾಗಿದ್ದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕು. ಸತ್ತುಹೋಗಿದ್ದರೆ ಹತ್ತು ಜನರನ್ನು ಅವನ ಸಮಾಧಿಯ ಹತ್ತಿರ ಕರೆದೊಯ್ದು ತಪ್ಪೊಪ್ಪಿಕೊಳ್ಳಬೇಕು, ದುಡ್ಡು ಬಾಕಿ ಇದ್ದರೆ ವಾರಸುದಾರರಿಗೆ ಕೊಡಬೇಕು.

ಆ ದಿನ ಸುಮಾರು 25 ಗಂಟೆ ನೀರೂ ಇಲ್ಲ. ಎದೆಯನ್ನು ಮುಷ್ಟಿಯಿಂದ ಮೆಲ್ಲಗೆ ಬಡಿದುಕೊಳ್ಳುತ್ತಾ ತಪ್ಪುಗಳ ಪಟ್ಟಿಯನ್ನು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಓದುತ್ತಾರೆ. ವ್ಯಾಪಾರದಲ್ಲಿ ಮಾಡಿದ್ದು, ಬಾಯಿಂದ ಆಡಿದ್ದು, ತಿಂದು ಕುಡಿದಿದ್ದು. ಎಲ್ಲವೂ 'ನಾವು ಮಾಡಿದೆವು' ಅಂತಲೇ. ತಾನು ಮಾಡದ ತಪ್ಪನ್ನೂ ಎಲ್ಲರ ಜೊತೆ ಹೇಳಬೇಕು.

ಪ್ರಾಣಕ್ಕೆ ಬಂದಾಗ ತಪ್ಪು ಮಾಡಬಹುದಾ?

ಬಹುತೇಕ ಎಲ್ಲ ಕಟ್ಟಳೆಗಳನ್ನೂ ಮುರಿಯಬಹುದು, ಮುರಿಯಲೇಬೇಕು. ಸಾಮಾನ್ಯವಾಗಿ ಮೂರಕ್ಕೆ ವಿನಾಯಿತಿ ಇಲ್ಲ: ವಿಗ್ರಹಪೂಜೆ, ನಿಷಿದ್ಧ ಸಂಬಂಧ, ಕೊಲೆ. ಒಬ್ಬ ರಾವಾ ಹತ್ತಿರ ಬಂದು, 'ಊರಿನ ಒಡೆಯ ಇಂಥವನನ್ನು ಕೊಲ್ಲು, ಇಲ್ಲದಿದ್ದರೆ ನಿನ್ನನ್ನು ಕೊಲ್ಲುತ್ತೇನೆ ಅಂತಿದ್ದಾನೆ, ಏನು ಮಾಡಲಿ' ಅಂದ. 'ಅವನು ನಿನ್ನನ್ನು ಕೊಂದರೂ ನೀನು ಕೊಲ್ಲಬೇಡ. ನಿನ್ನ ರಕ್ತ ಹೆಚ್ಚು ಕೆಂಪು ಅಂತ ಯಾರು ಹೇಳಿದ್ದು?' ಅಂದರು ರಾವಾ.

ನರಕ ಇದೆಯಾ?

ಗೆಹಿನ್ನೋಮ್ ಅಂತ ಇದೆ. ಅಲ್ಲಿ ದುಷ್ಟರ ವಿಚಾರಣೆ 12 ತಿಂಗಳು ಅಂತ ರಬ್ಬಿ ಅಕಿವಾ ಹೇಳಿದ್ದಾರೆ. ತೀರಿಕೊಂಡ ತಂದೆ ತಾಯಿಗಾಗಿ ಮಕ್ಕಳು ಕದ್ದೀಷ್ ಪ್ರಾರ್ಥನೆಯನ್ನು 11 ತಿಂಗಳಿಗೇ ನಿಲ್ಲಿಸುವ ರೂಢಿ ಹಲವು ಕಡೆ ಇದೆ. ಪೂರ್ತಿ 12 ಹೇಳಿದರೆ ಅಪ್ಪ ಅಮ್ಮ ದುಷ್ಟರು ಅಂತ ಒಪ್ಪಿಕೊಂಡ ಹಾಗಾಗುತ್ತದಲ್ಲ!

ಎಲ್ಲ ಪೆದ್ದುತನವೂ ಕೆಟ್ಟದ್ದೇ?

ಇಲ್ಲ. ರವ್ ಶ್ಮುಯೇಲ್ ಬಾರ್ ರವ್ ಯಿತ್ಸಖಾಕ್ ಎಂಬ ವಯಸ್ಸಾದ ವಿದ್ವಾಂಸರು ಮದುವೆ ಮನೆಗಳಲ್ಲಿ ಸುಗಂಧದ ಗಿಡದ ಮೂರು ಕೊಂಬೆ ಹಿಡಿದು ಮದುಮಗಳ ಮುಂದೆ ಕುಣಿಯುತ್ತಿದ್ದರು. ಈ ಮುದುಕ ನಮ್ಮ ಮಾನ ತೆಗೆಯುತ್ತಿದ್ದಾನೆ ಅಂತ ರಬ್ಬಿ ಜೇರಾ ಗೊಣಗಿದರು. ಕುಣಿಯುತ್ತಿದ್ದ ಆ ವಿದ್ವಾಂಸರು ಸತ್ತಾಗ ಹೆಣ ಮತ್ತು ಜನರ ನಡುವೆ ಬೆಂಕಿಯ ಕಂಬ ಎದ್ದು ನಿಂತಿತಂತೆ. ಆ ಮುದುಕನ ಪೆದ್ದುತನವೇ ಅವನಿಗೆ ಒದಗಿತು ಅಂತ ರಬ್ಬಿ ಜೇರಾ ಒಪ್ಪಿಕೊಂಡರು. ಮಾನ ಮರ್ಯಾದೆಯ ಲೆಕ್ಕ ಬಿಟ್ಟು ಇನ್ನೊಬ್ಬರ ಸಂತೋಷಕ್ಕೆ ಕುಣಿಯುವುದು ಬೇರೆಯೇ ಜಾತಿಯ ಮಂಕು. ಭಕ್ತಿ, ಸಂತೋಷಕ್ಕೆ ಒತ್ತು ಕೊಡುವ ಹಸೀದೀ ಪಂಥದ ಗುರುಗಳಿಗೆ ಈ ಕತೆ ಅಂದರೆ ಪ್ರಾಣ.

ಇದೆಲ್ಲ ಯೆಹೂದಿಗಳಿಗೆ ಮಾತ್ರವಾ?

ಕಟ್ಟಳೆಗಳಲ್ಲಿ ಹೆಚ್ಚಿನವು ಅವರಿಗೆ ಮಾತ್ರ. ಉಳಿದವರಿಗೆ, ಬೈಬಲ್ಲಿನ ಪ್ರಳಯದಿಂದ ಪಾರಾದ ನೋಹನ ಹೆಸರಿನ ಏಳು ನಿಯಮಗಳು ಸಾಕು. ಕೊಲೆ, ಕಳ್ಳತನ ಮಾಡಬಾರದು, ನ್ಯಾಯಾಲಯ ಇರಬೇಕು, ಇತ್ಯಾದಿ. ಒಳ್ಳೆಯವರಾಗಲು ಮತಾಂತರ ಬೇಕಿಲ್ಲ. ಯೋಮ್ ಕಿಪ್ಪುರ್ ಮಧ್ಯಾಹ್ನ ಓದುವ ಯೋನನ ಪುಸ್ತಕದಲ್ಲಿ ತಿರುಗಿ ಬರುವವರು ನಿನೆವೆಯ ಜನ, ಅಂದರೆ ಇಸ್ರೇಲಿನ ಶತ್ರುಗಳು. ಅವರು ಕ್ಷಮೆ ಪಡೆದದ್ದಕ್ಕೆ ಮುಖ ಊದಿಸಿಕೊಂಡು ಕೂತವನು ಪ್ರವಾದಿ ಯೋನ.

ಓದಲು ಎಲ್ಲಿಂದ ಶುರು ಮಾಡಲಿ?

ಕನ್ನಡದಲ್ಲೇ ಬೇಕಿದ್ದರೆ ಜ್ಞಾನೋಕ್ತಿಗಳ ಮೊದಲ ಒಂಬತ್ತು ಅಧ್ಯಾಯ, ಧರ್ಮೋಪದೇಶಕಾಂಡದ 30ನೇ ಅಧ್ಯಾಯ. ಈ ಎರಡನೆಯದರಲ್ಲೇ ಜೀವವನ್ನೂ ಸಾವನ್ನೂ ನಿನ್ನ ಮುಂದೆ ಇಟ್ಟಿದ್ದೇನೆ, ಜೀವವನ್ನು ಆರಿಸಿಕೋ ಎಂಬ ಮಾತು ಬರುವುದು. ಇಂಗ್ಲಿಷ್ ಓದುವವರಾದರೆ ಮಿಷ್ನಾದ ಪಿರ್ಕೇ ಆವೋತ್ ಭಾಗ ಚಿಕ್ಕದು, ಬೆನ್ ಅಜ್ಜಾಯ್ ಮತ್ತು ಯೆಹೂದಾ ಹನಾಸಿ ಅವರ ಮಾತುಗಳು ಅಲ್ಲಿವೆ. ಸೆಫಾರಿಯಾ ಎಂಬ ತಾಣದಲ್ಲಿ ತಾಲ್ಮುಡ್ ಕೂಡ ದುಡ್ಡಿಲ್ಲದೆ ಓದಲು ಸಿಗುತ್ತದೆ. ತಾಲ್ಮುಡ್ಡನ್ನು ಒಬ್ಬರೇ ಕೂತು ಓದಬೇಡಿ, ತಕರಾರು ಎತ್ತುವ ಗೆಳೆಯನೊಬ್ಬ ಜೊತೆಗಿದ್ದರೆ ಒಳ್ಳೆಯದು.